ಹದಿನಾಲ್ಕು ಕುಂಡ, ಎರಡು ಕುರ್ಚಿ

ನವೆಂಬರ್ 6, ಗುರುವಾರ

ಗುನ್‌ವೋರ್ ಇವತ್ತು ಟ್ರೋಮ್ಸೋ ಆಸ್ಪತ್ರೆಯಿಂದ ನೇರವಾಗಿ ದಕ್ಷಿಣಕ್ಕೆ, ತಂಗಿ ಸಿಗ್ನಿಯ ಮನೆಗೆ ಹೋದಳು. ಹೋದ ವಾರ ಅಂಗಡಿಯ ಮೆಟ್ಟಿಲಿನ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಇನ್ನು ಎರಡು ತಿಂಗಳು ಅಲ್ಲೇ ಇದ್ದು ನಡೆಯುವ ಅಭ್ಯಾಸ ಮಾಡಬೇಕಂತೆ. ನಲವತ್ತೊಂದು ವರ್ಷದ ಸಂಸಾರದಲ್ಲಿ ಹಡಗು ಹತ್ತಿ ಮನೆ ಬಿಟ್ಟು ಹೋಗುತ್ತಿದ್ದವನು ನಾನು, ಅವಳಲ್ಲ.

ಸಂಜೆ ಐದಕ್ಕೆ ಫೋನ್ ಮಾಡಿದಳು.

"ಸಿಗ್ನಿ ಮನೆ ಕೆಳಗಿನ ಮಹಡಿ ಖಾಲಿಯಾಗಿದೆ. ಬೇಕೋ ಬೇಡವೋ ಜನವರಿ ಹದಿನೈದರೊಳಗೆ ಹೇಳ್ಬೇಕಂತೆ."

"ಯಾರಿಗೆ ಮನೆ?"

"ನನಗೆ. ಬರೋದಾದ್ರೆ ನಿನಗೂ. ಹಾಲ್‌ಗೇರ್, ಇನ್ನೊಂದು ಚಳಿಗಾಲ ಆ ಮನೇಲಿ ನನ್ನ ಕೈಲಾಗಲ್ಲ."

ಸರಿ ಎಂದು ಫೋನ್ ಇಟ್ಟೆ. ಎರಡು ನಿಮಿಷದ ಮಾತು.

ಕಾರಣ ಕೇಳಬೇಕಾಗಿಯೇ ಇಲ್ಲ. ಕತ್ತಲೆ. ಇನ್ನು ಎರಡು ವಾರಕ್ಕೆ ಉತ್ತರ ತುದಿಯ ನಮ್ಮ ವಾರ್ಡೋ ದ್ವೀಪದಲ್ಲಿ ಸೂರ್ಯ ಮುಳುಗಿದರೆ ಮತ್ತೆ ಮುಖ ತೋರಿಸುವುದು ಜನವರಿಯ ಮೂರನೇ ವಾರ. ವಯಸ್ಸಾದ ಮೇಲೆ ಹೆಂಗಸರಿಗೆ ಅದು ತಡೆಯುವುದಿಲ್ಲ. ಆದರೆ ಮೂವತ್ತೇಳು ವರ್ಷ ಹಡಗಿನಲ್ಲಿ ವಿದ್ಯುತ್ ಕೆಲಸ ಮಾಡಿದವನಿಗೆ ಕತ್ತಲೆ ಒಂದು ಕಾಯಿಲೆಯಲ್ಲ, ವೈರಿಂಗ್ ತಪ್ಪು. ಅವಳ ಕೋಣೆಗೆ ನಾನೇ ಹಗಲು ತರುತ್ತೇನೆ. ಜನವರಿಯಲ್ಲಿ ಬಂದು ನೋಡಲಿ, ಸಿಗ್ನಿಯ ಕೆಳಮಹಡಿ ಯಾರಿಗೆ ಬೇಕು ಅನ್ನಬೇಕು.

ಆ ಕೋಣೆಯಲ್ಲಿ ಅವಳ ಗಿಡಗಳಿವೆ, ಹದಿನಾಲ್ಕು ಕುಂಡ. ಪ್ರತಿ ಚಳಿಗಾಲ ಅವೂ ಬಡವಾಗುತ್ತವೆ. ಗಿಡ ಚಿಗುರಿದರೆ ಬೆಳಕು ಸರಿಯಿದೆ ಎಂದು ಲೆಕ್ಕ, ನನಗೆ ಅಳತೆಗೋಲೂ ಸಿಕ್ಕಿದಂತಾಯಿತು.

ನನಗೆ ಕತ್ತಲೆ ಯಾವತ್ತೂ ತಟ್ಟಿದ್ದಿಲ್ಲ. ಈ ಕಾಲಕ್ಕೆ ನೆಲಮಾಳಿಗೆಯಲ್ಲಿ ಕೈತುಂಬ ಕೆಲಸವಿರುತ್ತದೆ. ಊರಿನವರ ಹಳೇ ರೇಡಿಯೋ ಎಲ್ಲ ಇಲ್ಲಿಗೇ ಬರುತ್ತವೆ. ಮೇಜಿದೆ, ಹೀಟರ್ ಇದೆ, ಸೋಫಾ ಇದೆ, ಕಾಫಿ ಯಂತ್ರವಿದೆ. ಇದನ್ನೂ ಇಲ್ಲೇ ಕುಳಿತು ಬರೆಯುತ್ತಿದ್ದೇನೆ.

ನವೆಂಬರ್ 14, ಶುಕ್ರವಾರ

ಗಿಡದ ದೀಪ ಬಂತು. ನೇರಳೆ ಬಣ್ಣದ್ದು. ಎಲೆಗೆ ಬೇಕಾದದ್ದು ಕೆಂಪು ಮತ್ತು ನೀಲಿ, ಉಳಿದದ್ದೆಲ್ಲ ದಂಡ ಎಂದು ಪೆಟ್ಟಿಗೆಯ ಮೇಲೆಯೇ ಇತ್ತು. ಒಪ್ಪಿದೆ. ಅರ್ಧ ಗಂಟೆಯಲ್ಲಿ ಕಿಟಕಿಯ ಮೇಲೆ ತೂಗುಹಾಕಿದೆ.

ಒಂದು ಗಂಟೆಯೊಳಗೆ ಎದುರು ಮನೆಯ ಓಡ್ನಿ ಬಂದಳು. ಒಂದೇ ಶಾಲೆಯಲ್ಲಿ ಓದಿದವಳು, ಅಂದಿನಿಂದಲೂ ಬಾಯಿ ಒಂದೇ ಅಳತೆ.

"ಏನೋ ಇದು? ಹೆಂಡತಿ ಆ ಕಡೆ ಹೋದ್ಲು ಅಂತ ಈ ಕಡೆ ಬಾರ್ ತೆರೆದಿದ್ದೀಯಾ?"

"ಗಿಡಕ್ಕೆ."

"ಯಾವ ಗಿಡಕ್ಕೆ ಅಂತ ಪೊಲೀಸ್ರು ಕೇಳ್ತಾರೆ ನೋಡು." ಕನ್ನಡಿಯ ಮುಂದೆ ನಿಂತು ತನ್ನ ಮುಖ ನೋಡಿಕೊಂಡಳು. "ಮೂರು ದಿನ ನೀರಲ್ಲಿದ್ದ ಹೆಣ ಇದ್ದ ಹಾಗಿದ್ದೀನಿ. ಗುನ್‌ವೋರ್ ಇದನ್ನ ನೋಡಿದ್ರೆ ಬಾಗಿಲಿಂದಲೇ ವಾಪಸ್ ಹೋಗ್ತಾಳೆ."

ಅವಳಿಗೇನು ಗೊತ್ತು ಎಂದುಕೊಂಡೆ. ರಾತ್ರಿ ಅದೇ ಬೆಳಕಿನಲ್ಲಿ ಬೇಯಿಸಿದ ಕಾಡ್ ಮೀನು, ಆಲೂಗಡ್ಡೆ ಇಟ್ಟುಕೊಂಡೆ. ಮೀನು ಬೂದಿ ಬಣ್ಣಕ್ಕೆ ತಿರುಗಿತ್ತು, ಆಲೂಗಡ್ಡೆ ಗುಲಾಬಿ. ತಟ್ಟೆ ತೆಗೆದುಕೊಂಡು ಕೆಳಗೆ ಬಂದು ತಿಂದೆ. ನಾಳೆ ದೀಪ ವಾಪಸ್ ಕಳಿಸುತ್ತೇನೆ. ಗಿಡ ಬಣ್ಣ ನೋಡಿ ಊಟ ಮಾಡುವುದಿಲ್ಲ ನಿಜ, ಆದರೆ ಆ ಕೋಣೆಯಲ್ಲಿ ಕೂರಬೇಕಾದವಳು ಮನುಷ್ಯಳು.

ನವೆಂಬರ್ 19, ಬುಧವಾರ

ಈಗ ಸರಿಯಾಯಿತು. ಮುಚ್ಚಿಹೋದ ಮೀನು ಕಾರ್ಖಾನೆಯಿಂದ ತಂದಿಟ್ಟಿದ್ದ ಬಿಳಿ ದೀಪಗಳು ನನ್ನಲ್ಲೇ ಇದ್ದವು. ಮೀನಿನಲ್ಲಿ ಹುಳ ಹುಡುಕುವಷ್ಟು ಪ್ರಕಾಶ. ನಾಲ್ಕನ್ನು ಛಾವಣಿಗೆ ಹೊಡೆದೆ. ಕೋಣೆಯಲ್ಲಿ ಒಂದು ಮೂಲೆಯೂ ಕತ್ತಲೆಯಿಲ್ಲ. ಗುನ್‌ವೋರಳ ಹಳದಿ ಪುಟ್ಟ ದೀಪಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದೆ.

ದೀಪ ಆರಿಸುವುದಿಲ್ಲ, ಹಗಲೂ ರಾತ್ರಿ ಉರಿಯಲಿ. ನಮ್ಮಲ್ಲಿ ಬೇಸಿಗೆಯ ಎರಡು ತಿಂಗಳು ಸೂರ್ಯ ಮುಳುಗುವುದೇ ಇಲ್ಲ, ಗಿಡಗಳು ಆಗ ಹೇಗೆ ನುಗ್ಗುತ್ತವೆ ಎಂದು ಹುಟ್ಟಿದಾಗಿನಿಂದ ನೋಡಿದ್ದೇನೆ. ಅಲ್ಲದೆ ಕತ್ತಲೆಗಾಲದಲ್ಲಿ ಕಿಟಕಿಯ ದೀಪ ಆರಿಸುವ ಪದ್ಧತಿಯೇ ಈ ದ್ವೀಪದಲ್ಲಿಲ್ಲ, ಸಮುದ್ರಕ್ಕೆ ಹೋದವರು ಮನೆ ಗುರುತು ಹಿಡಿಯಬೇಕಲ್ಲ. ಒಂದೇ ಕಲ್ಲಿಗೆ ಎರಡು ಹಕ್ಕಿ.

ಗುನ್‌ವೋರ್ ಫೋನಿನಲ್ಲಿ ಗಿಡ ಹೇಗಿವೆ ಎಂದಳು. ಚೆನ್ನಾಗಿವೆ ಎಂದೆ. ನೀನು ಎಂದಳು. ಚೆನ್ನಾಗಿದ್ದೇನೆ ಎಂದೆ.

ಮಧ್ಯಾಹ್ನ ಕೆಳಗಿನ ಸೋಫಾದಲ್ಲಿ ಸ್ವಲ್ಪ ಒರಗಿದೆ. ಎದ್ದಾಗ ಆರು ಗಂಟೆ.

ನವೆಂಬರ್ 27, ಗುರುವಾರ

ಜೆರೇನಿಯಂ ಎಲೆ ಮುದುಡಿವೆ. ಬೆಗೋನಿಯಾದ ಅಂಚು ಸುಟ್ಟ ಹಾಗಿದೆ. ಕ್ರಿಸ್‌ಮಸ್ ಕಳ್ಳಿಯ ಮೊಗ್ಗು ಹನ್ನೊಂದಿದ್ದವು, ಇವತ್ತು ಒಂಬತ್ತು ನೆಲದ ಮೇಲಿವೆ. ಗುನ್‌ವೋರಳ ಅಮ್ಮನ ಕಾಲದ ಗಿಡ ಅದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗುಡಿಸಿ ಹಾಕಿದೆ.

ನೀರು ಹೆಚ್ಚಾಗಿರಬೇಕು. ನನಗೂ ನಿದ್ದೆಯಿಲ್ಲ, ಕಾಫಿ ಹೆಚ್ಚಾಗಿರಬೇಕು.

ನವೆಂಬರ್ 30, ಭಾನುವಾರ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು. ಊರಿನ ಪ್ರತಿ ಕಿಟಕಿಯಲ್ಲಿ ಕಾಗದದ ನಕ್ಷತ್ರ ಬೆಳಗುತ್ತಿದೆ, ನನ್ನದೊಂದರಲ್ಲಿ ಮೀನು ಕಾರ್ಖಾನೆ. ಓಡ್ನಿ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದವಳು ಗಿಡ ನೋಡಿ ಬೈಯಲೂ ಮರೆತಳು. ಅಷ್ಟು ಕೆಟ್ಟಿದ್ದವು.

"ಮಲರ್‌ನ ಕೇಳು," ಎಂದಳು.

"ಆ ಮೀನು ಕತ್ತರಿಸ್ತಿದ್ದ ಮಲರ್‌ನಾ?"

"ಅವಳೇ. ನಿನ್ನ ಹೆಂಡತಿ ಪಕ್ಕದಲ್ಲಿ ಹದಿನೆಂಟು ವರ್ಷ ಕತ್ತರಿಸಿದ್ಲು. ನಾಲ್ಕೇ ಮನೆ ಆಚೆ, ಕಾಲು ಸವೆಯಲ್ಲ ಹೋಗು."

ತವಮಲರ್ ಜಾಫ್ನಾದವಳು, ಮೂವತ್ತು ವರ್ಷದ ಹಿಂದೆ ಮೀನು ಕಾರ್ಖಾನೆಯ ಕೆಲಸಕ್ಕೆ ಬಂದವಳು. ಗುನ್‌ವೋರ್ ಅವಳ ಮನೆಗೆ ಹೋಗಿಬಂದು ಮಾಡುತ್ತಿದ್ದಳು. ನಾನು ಇವತ್ತೇ ಮೊದಲು ಹೊಸ್ತಿಲು ದಾಟಿದ್ದು. ಒಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಹೊರಗೆ ಹಿಮಗಾಳಿ ಬೀಸುತ್ತಿದೆ, ಒಳಗೆ ಛಾವಣಿ ಮುಟ್ಟುವ ಕರಿಬೇವಿನ ಮರ. ಅದರ ಪಕ್ಕದಲ್ಲೇ ಕುರ್ಚಿ, ಕುರ್ಚಿಯಲ್ಲಿ ಅವಳ ಗಂಡ ಪೇಪರ್ ಓದುತ್ತಿದ್ದಾನೆ. ದೀಪ ಎಲ್ಲಿದೆ ಎಂದು ಮೊದಲು ಕಾಣಲೇ ಇಲ್ಲ. ಕಣ್ಣಿಗೆ ಬೀಳದ ಹಾಗೆ ಒಂದು ತಗಡಿನ ಮರೆ ಹಾಕಿ ಎಲೆಗಳ ನೆತ್ತಿಯ ಮೇಲೆ ತೂಗಿಬಿಟ್ಟಿದ್ದಳು. ಎಲೆ ಹಸಿರಾಗಿತ್ತು, ಅವಳ ಗಂಡನ ಮುಖ ಮನುಷ್ಯನ ಮುಖದ ಹಾಗಿತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು.

ನಮ್ಮ ಗಿಡಗಳ ಪಾಡು ಹೇಳಿದೆ. "ದೀಪ ಎಷ್ಟು ಹೊತ್ತು ಹಚ್ಚಿಡ್ತೀರ ಅಣ್ಣ?" ಎಂದಳು. ಗಂಡಸರನ್ನೆಲ್ಲ ಅಣ್ಣ ಎನ್ನುವುದು ಅವರ ರೂಢಿ.

"ಆರಿಸೋದೇ ಇಲ್ಲ."

ಗಂಡ ಪೇಪರ್ ಕೆಳಗಿಳಿಸಿದ.

"ಯಾಕೆ? ಬೇಸಿಗೇಲಿ ಇಲ್ಲಿ ಆಲೂಗಡ್ಡೆ ಬೆಳೆಯಲ್ವಾ? ಆಗ ರಾತ್ರಿ ಎಲ್ಲಿರತ್ತೆ?" ಎಂದೆ.

"ಆಲೂಗಡ್ಡೆ ನಿಮ್ಮೂರಿಗೆ ಹೊಂದ್ಕೊಂಡಿದೆ," ಎಂದಳು ಮಲರ್. " ನಿಮ್ಮ ಮನೇಲಿರೋ ಕಳ್ಳಿ ಬ್ರೆಜಿಲ್‌ದು, ಜೆರೇನಿಯಂ ಆಫ್ರಿಕಾದ್ದು. ಅವಕ್ಕೆ ರಾತ್ರಿ ಬೇಕು. ಆ ಕಳ್ಳಿಯಂತೂ ಕತ್ತಲೆ ಎಣಿಸ್ಕೊಂಡೇ ಮೊಗ್ಗು ಬಿಡೋದು. ನಾನು ಬಂದ ಮೊದಲ ಬೇಸಿಗೇಲಿ ನನಗೂ ನಿದ್ದೆ ಬರ್ತಿರ್ಲಿಲ್ಲ, ಕಿಟಕಿಗೆ ಕಂಬಳಿ ಹೊಡೆದು ಅಳ್ತಾ ಮಲಗ್ತಿದ್ದೆ. ನನಗೆ ಹೇಳ್ಕೊಳ್ಳೋಕೆ ಬಾಯಾದ್ರೂ ಇತ್ತು."

ಕತ್ತೆತ್ತಿ ಆ ತಗಡಿನ ಮರೆಯನ್ನು ಇನ್ನೊಮ್ಮೆ ನೋಡಿದೆ.

"ನಿಮ್ಮ ದೀಪದ ಕೆಳಗೆ ಯಾರು ಕೂತ್ಕೋತಾರೆ?" ಎಂದಳು.

"ಯಾರೂ ಇಲ್ಲ. ಗಿಡಕ್ಕೆ ತಾನೇ ಅದು. ಗುನ್‌ವೋರ್ ಬಂದ ಮೇಲೆ ಕೂರ್ತಾಳೆ."

"ಹಾಗಾದ್ರೆ ಸರಿಯಿದೆಯೋ ಇಲ್ವೋ ಹೇಗೆ ಗೊತ್ತಾಗತ್ತೆ? ಗಿಡ ಹೇಳೋದು ಮೂರು ವಾರಕ್ಕೆ. ಮನುಷ್ಯ ಅರ್ಧ ಗಂಟೇಲಿ ಹೇಳ್ತಾನೆ. ಒಂದು ಕುರ್ಚಿ ಹಾಕ್ಕೊಂಡು ನೀವೇ ಕೂತ್ಕೊಳ್ಳಿ, ದಿನಾ ಬೆಳಗ್ಗೆ."

ಕಾಡ್ ಮೀನಿನ ಸಾರಿಗೆ ಕರಿಬೇವು ಕಿತ್ತು ಹಾಕಿ ಅನ್ನದ ಜೊತೆ ಬಡಿಸಿದಳು. ಎರಡು ಸಲ ಹಾಕಿಸಿಕೊಂಡೆ.

ಡಿಸೆಂಬರ್ 2, ಮಂಗಳವಾರ

ಎಲ್ಲ ಕಿತ್ತು ಹೊಸದಾಗಿ ಮಾಡಿದೆ. ಮೂರು ದೀಪ ಸಾಕು. ಹಗಲಿನ ಬಿಳಿ, ಆದರೆ ನೀಲಿಗೆ ತಿರುಗದ ಬಿಳಿ, ಪೆಟ್ಟಿಗೆಯ ಮೇಲೆ ನಾಲ್ಕು ಸಾವಿರ ಎಂದಿರುತ್ತದೆ. ಬಣ್ಣ ಬಣ್ಣವಾಗಿಯೇ ಕಾಣಬೇಕು, ಅದಕ್ಕೂ ಪೆಟ್ಟಿಗೆಯ ಮೇಲೆ ಅಂಕ ಕೊಟ್ಟಿರುತ್ತಾರೆ, ನೂರಕ್ಕೆ ತೊಂಬತ್ತೈದು ಸಿಕ್ಕಿದ್ದನ್ನು ಆರಿಸಿದೆ. ಛಾವಣಿಯಿಂದ ಇಳಿಸಿ ಎಲೆಗಳಿಂದ ಒಂದು ಮೊಳ ಮೇಲೆ ತೂಗಿಬಿಟ್ಟೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಇದು ನನಗೆ ಹತ್ತೊಂಬತ್ತನೇ ವಯಸ್ಸಿನಿಂದ ಗೊತ್ತು, ಗೊತ್ತಿದ್ದೂ ಛಾವಣಿಗೆ ಹೊಡೆದಿದ್ದೆ. ಕಣ್ಣಿಗೆ ಹೊಡೆಯದಂತೆ ಮರೆ ಹಾಕಿದೆ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟು, ಟೈಮರ್ ಕೂಡಿಸಿದೆ. ಕಳ್ಳಿಯನ್ನು ಮಾತ್ರ ಸಂಜೆ ಐದಕ್ಕೇ ತಣ್ಣನೆಯ ಮಲಗುವ ಕೋಣೆಗೆ ಒಯ್ಯುತ್ತೇನೆ. ಸಂಜೆಯ ಮೇಲೆ ಮನುಷ್ಯರಿಗೆ ಗುನ್‌ವೋರಳ ಹಳದಿ ಪುಟ್ಟ ದೀಪಗಳೇ ಸರಿ, ಪೆಟ್ಟಿಗೆಯಿಂದ ತೆಗೆದು ಒರೆಸಿ ಅವಳು ಇಟ್ಟಿದ್ದ ಜಾಗಗಳಲ್ಲೇ ಇಟ್ಟೆ. ಅವಳು ಅವನ್ನು ಮೊಣಕಾಲೆತ್ತರಕ್ಕೆ ಯಾಕೆ ಇಡುತ್ತಿದ್ದಳೆಂದು ಈಗ ಅರ್ಥವಾಯಿತು, ಮುಸ್ಸಂಜೆಯ ಬೆಳಕು ಕೆಳಗಿನಿಂದಲೇ ಬರುತ್ತದೆ.

ಎಂಟಕ್ಕೆ ಎಲ್ಲ ಆರಿಸಿ ಮಲಗುತ್ತೇನೆ.

ಡಿಸೆಂಬರ್ 3, ಬುಧವಾರ

ಬೆಳಗ್ಗೆ ಏಳಕ್ಕೆ ಬಾಗಿಲು ಮುರಿಯುವ ಹಾಗೆ ಬಡಿತ. ನಾನು ಏಳುವಷ್ಟರಲ್ಲಿ ಓಡ್ನಿ ತನ್ನಲ್ಲಿದ್ದ ಬೀಗದ ಕೈಯಿಂದ ಒಳಗೆ ಬಂದಾಗಿತ್ತು. ಹಿಂದೆ ಅವಳ ಗಂಡ ಟೋರ್‌ಮೋದ್, ಪೈಜಾಮದ ಮೇಲೆ ಕೋಟು.

"ಬದುಕಿದ್ದೀಯಾ?"

"ಮಲಗಿದ್ದೆ."

"ಕಿಟಕಿ ಕತ್ತಲೆ ಮಾಡ್ಕೊಂಡು? ಡಿಸೆಂಬರ್‌ನಲ್ಲಿ? ನಮ್ಮೂರಲ್ಲಿ ಕಿಟಕಿ ದೀಪ ಆರೋದು ಮನೆಯವರು ಸತ್ತಾಗ, ಇಲ್ಲಾ ಬಿಸಿಲು ಕಾಯೋಕೆ ಸ್ಪೇನಿಗೆ ಹೋದಾಗ. ಸ್ಪೇನಿಗೆ ಹೋಗೋ ಮುಖ ಅಲ್ಲ ನಿಂದು."

"ಗಿಡ ಮಲಗ್ಬೇಕು ಓಡ್ನಿ. ಮಲರ್ ಹೇಳಿದ್ಲು."

"ಗಿಡ ಮಲಗ್ಲಿ. ಅಡುಗೆಮನೆ ಕಿಟಕೀಲಿ ಒಂದು ನಕ್ಷತ್ರ ನೇತುಹಾಕೋಕೆ ನಿನಗೇನು ರೋಗ?"

ಟೋರ್‌ಮೋದ್ ಹೇಳಿದ್ದು ಒಂದೇ ಮಾತು: "ನನ್ನ ರೇಡಿಯೋ ಆಯ್ತಾ?" ಆಗಿರಲಿಲ್ಲ. ಕಾಫಿ ಕೊಟ್ಟೆ. ಅಷ್ಟರಲ್ಲಿ ಎಂಟಾಗಿ ದೀಪ ಹತ್ತಿಕೊಂಡಿತು. ಮೂವರೂ ಗಿಡದ ಪಕ್ಕ ಕುಳಿತೆವು. ಟೋರ್‌ಮೋದ್ ಹತ್ತೂವರೆಯವರೆಗೆ ಏಳಲಿಲ್ಲ. ಪೈಜಾಮದಲ್ಲಿದ್ದೇನೆಂದು ಅವನಿಗೆ ಮರೆತೇಹೋಗಿತ್ತು.

ಸಂಜೆ ಗುನ್‌ವೋರಳಿಗೆ ಇದನ್ನೆಲ್ಲ ಹೇಳಿದೆ. ಮೊಗ್ಗು ಉದುರಿದ್ದನ್ನೂ ಮುಚ್ಚಿಡಲಿಲ್ಲ. ಸ್ಪೇನಿನ ಮಾತಿಗೆ ಅವಳು ಎಷ್ಟು ನಕ್ಕಳೆಂದರೆ ಸೊಂಟ ಹಿಡಿದುಕೊಳ್ಳಬೇಕಾಯಿತಂತೆ. ಮೊಳದ ಲೆಕ್ಕ, ಟೈಮರಿನ ಲೆಕ್ಕ, ಕಳ್ಳಿಯ ಲೆಕ್ಕ ಎಲ್ಲ ಹೇಳಿ ಮುಗಿಸಿದಾಗ ನಲವತ್ತು ನಿಮಿಷವಾಗಿತ್ತು. ಕಿವಿ ಬಿಸಿಯಾಗಿತ್ತು. ಸಿಗ್ನಿಯ ಮನೆಯ ವಿಷಯ ನಾನೂ ತೆಗೆಯಲಿಲ್ಲ, ಅವಳೂ ತೆಗೆಯಲಿಲ್ಲ.

ಡಿಸೆಂಬರ್ 14, ಭಾನುವಾರ

ಜೆರೇನಿಯಂನ ಕಂಕುಳಲ್ಲಿ ಚಿಗುರು. ಅಕ್ಕಿಕಾಳಿನಷ್ಟಿದೆ, ಆದರೆ ಚಿಗುರು ಚಿಗುರೇ. ಕುಂಡಗಳನ್ನು ಮತ್ತೆ ಜೋಡಿಸಿದೆ. ಹಸಿವು ಹೆಚ್ಚಿರುವ ಜೆರೇನಿಯಂ, ನಿಂಬೆ ದೀಪದ ನೇರ ಕೆಳಗೆ, ಬೆಗೋನಿಯಾ ಅಂಚಿಗೆ, ನೆರಳು ಬೇಡುವ ಜರಿಗಿಡ ಕುರ್ಚಿಯ ಹಿಂದೆ.

ಮಲರ್ ಹೇಳಿದಂತೆ ದಿನಾ ಬೆಳಗ್ಗೆ ಎಂಟಕ್ಕೆ ಕುರ್ಚಿಯಲ್ಲಿ ಕೂರುತ್ತೇನೆ. ಪರೀಕ್ಷೆಗಾಗಿ ಅಷ್ಟೇ. ಮೊದಲ ದಿನ ಬೆಳಕು ಹಣೆಗೆ ಬೀಳುತ್ತಿತ್ತು, ಸರಿಯಲ್ಲ, ಓರೆಯಾಗಿ ಕೆನ್ನೆಗೆ ಬೀಳಬೇಕು. ಕುರ್ಚಿಯನ್ನು ಒಂದು ಹೆಜ್ಜೆ ಎಡಕ್ಕೆ ಸರಿಸಿದೆ. ಆಮೇಲೆ ಎದುರಿಗೆ ಇನ್ನೊಂದು ಕುರ್ಚಿ ಹಾಕಿದೆ, ಗುನ್‌ವೋರ್ ಕೂರುವ ಕಡೆಯಿಂದಲೂ ನೋಡಬೇಕಲ್ಲ. ಅದರಲ್ಲಿ ಹೆಚ್ಚಾಗಿ ಓಡ್ನಿ ಕೂರುತ್ತಾಳೆ, ಕೆಲವೊಮ್ಮೆ ಟೋರ್‌ಮೋದ್, ನಿನ್ನೆ ಮಲರ್, ಆಮೇಲೆ ಅವಳ ಗಂಡ. ಅವನು ಚದುರಂಗ ಆಡುತ್ತಾನೆ. ನನ್ನನ್ನು ಎರಡು ಸಲ ಸೋಲಿಸಿದ. ನಾಳೆ ಬರಲಿ ನೋಡೋಣ.

ಬರೆಯಲು ಕೆಳಗಿನ ಮೇಜಿಗಿಂತ ಇಲ್ಲಿನ ಬೆಳಕು ಚೆನ್ನಾಗಿದೆ, ಅದಕ್ಕೆ ಪುಸ್ತಕ ಮೇಲೆ ತಂದಿದ್ದೇನೆ. ಕಾಫಿ ಯಂತ್ರವನ್ನೂ ತಂದೆ, ಜನ ಬಂದಾಗ ಹತ್ತಿಳಿಯುವುದು ಯಾಕೆ ಎಂದು. ಒಂಬತ್ತು ರೇಡಿಯೋ ಹಾಗೇ ಬಿದ್ದಿವೆ. ಈ ವರ್ಷ ಯಾಕೋ ಪುರುಸೊತ್ತೇ ಆಗುತ್ತಿಲ್ಲ.

ಮಧ್ಯಾಹ್ನದ ನಿದ್ದೆ ತಪ್ಪಿಹೋಗಿದೆ. ವಯಸ್ಸಾಯಿತು, ಮುದುಕರಿಗೆ ನಿದ್ದೆ ಕಡಿಮೆಯಾಗುತ್ತದಂತೆ.

ಡಿಸೆಂಬರ್ 24, ಬುಧವಾರ

ಗುನ್‌ವೋರಳಿಗೆ ಹಬ್ಬಕ್ಕೆಂದು ಪ್ರಯಾಣ ಮಾಡುವುದು ಬೇಡವೆಂದರು ವೈದ್ಯರು. ಕಳ್ಳಿಯ ಉಳಿದ ಎರಡು ಮೊಗ್ಗೂ ಅರಳಲಿಲ್ಲ. ಊಟಕ್ಕೆ ಓಡ್ನಿ ಕರೆದಿದ್ದಳು, ಹೋಗಿಬಂದೆ.

ಬೇಜಾರಾಗಿದೆ. ಈ ಬೆಳಕನ್ನು ಅವಳು ನೋಡುವ ಮೊದಲೇ ಅಲ್ಲಿಂದ ಹೂಂ ಎಂದುಬಿಟ್ಟರೆ ಏನು ಮಾಡಲಿ ಎನ್ನುವ ಯೋಚನೆ ಇವತ್ತು ಮೊದಲ ಸಲ ಬಂತು. ಅವಳಿಲ್ಲದ ಮನೆಯಲ್ಲಿ ಗಿಡ ಚಿಗುರಿದರೂ ಒಂದೇ, ಒಣಗಿದರೂ ಒಂದೇ. ಫೋನಿನಲ್ಲಿ ಕೇಳಬೇಕೆಂದುಕೊಂಡೆ, ನಿಂಬೆಗಿಡದ ಬಗ್ಗೆ ಹೇಳಿ ಇಟ್ಟುಬಿಟ್ಟೆ.

ಜನವರಿ 9, ಶುಕ್ರವಾರ

ವಿಮಾನ ಗಾಳಿಗೆ ಎರಡು ಗಂಟೆ ತಡ. ಕೋಲು ಹಿಡಿದು ಮೆಟ್ಟಿಲಿಳಿದಳು. ಮೊದಲು ಅವಳ ಕಾಲಿನ ಕಡೆ ನೋಡಿದೆ, ಆಮೇಲೆ ಮುಖದ ಕಡೆ.

ಮನೆಗೆ ಬಂದಾಗ ಮೂರು ಗಂಟೆ, ಹೊರಗೆ ಕಪ್ಪು, ಒಳಗೆ ಹಗಲು. ಕೋಟು ತೆಗೆಯುವ ಮೊದಲೇ ವಿವರಿಸತೊಡಗಿದೆ. ಜೆರೇನಿಯಂನ ಚಿಗುರು ಬೆರಳುದ್ದವಾಗಿದೆ. ಹೊಸ ಎಲೆ ಒಟ್ಟು ಇಪ್ಪತ್ತಮೂರು. ಕಳ್ಳಿಗೆ ಮಾತ್ರ ಕ್ಷಮೆ ಕೇಳಿದೆ. ಅವಳು ಎಲ್ಲ ಕೇಳಿಸಿಕೊಂಡು ಎದುರಿನ ಕುರ್ಚಿಯಲ್ಲಿ ನಿಧಾನವಾಗಿ ಕುಳಿತಳು.

"ಇದು ನಂದು. ಆ ಕುರ್ಚಿ ಯಾರದ್ದು?"

"ನಂದು."

"ಎಷ್ಟು ದಿನದಿಂದ?"

"ಡಿಸೆಂಬರಿಂದ. ಬೆಳಕು ಪರೀಕ್ಷೆ ಮಾಡ್ಬೇಕಿತ್ತಲ್ಲ. ಈಗ ಹೇಳು, ಹೇಗಿದೆ? ಇನ್ನೊಂದು ಚಳಿಗಾಲ ಇಲ್ಲಿ ಆಗತ್ತಾ? ಕತ್ತಲೆ ಇದ್ಯಾ ಎಲ್ಲಾದ್ರೂ?"

ಕೋಲನ್ನು ಕುರ್ಚಿಗೆ ಒರಗಿಸಿದಳು.

"ನಾನು ಕತ್ತಲೆ ಅಂತ ಯಾವತ್ತು ಹೇಳ್ದೆ ಹಾಲ್‌ಗೇರ್?"

ನವೆಂಬರ್ ಆರರ ಫೋನಿನಲ್ಲಿ ಆ ಪದ ಬಂದೇ ಇರಲಿಲ್ಲ.

"ನಾನು ಇದೇ ದ್ವೀಪದಲ್ಲಿ ಹುಟ್ಟಿದವಳು. ಅರವತ್ತಾರು ಕತ್ತಲೆಗಾಲ ನೋಡಿದ್ದೀನಿ, ಒಂದೂ ನನಗೇನೂ ಮಾಡ್ಲಿಲ್ಲ. ಹಡಗು ಬಿಟ್ಟ ಮೇಲೆ ನವೆಂಬರ್ ಬಂತು ಅಂದ್ರೆ ನೀನು ಕೆಳಗೆ ಇಳೀತಿದ್ದೆ, ಫೆಬ್ರವರಿಗೆ ಹತ್ತಿ ಬರ್ತಿದ್ದೆ. ಊಟದ ತಟ್ಟೆ ಸಮೇತ. ಹತ್ತು ವರ್ಷ. ನಾನು ಇಲ್ಲಿ ಗಿಡದ ಜೊತೆ ಮಾತಾಡ್ಕೊಂಡು ಕೂತಿರ್ತಿದ್ದೆ. ಕತ್ತಲೆ ಹೊಕ್ಕಿದ್ದು ನಿನ್ನೊಳಗೆ, ಕಣೋ. ಸಿಗ್ನಿ ಮನೇಲಿ ಬಿಸಿಲಿದೆ ಅಂತ ಹೋಗೋಕೆ ಹೊರಟಿದ್ದಲ್ಲ. ಎದುರುಗಡೆ ಯಾರಾದ್ರೂ ಕೂತಿರ್ತಾರೆ ಅಂತ."

ನನಗೆ ಕೆಲಸವಿರುತ್ತಿತ್ತು ಎಂದು ಬಾಯಿಗೆ ಬಂತು. ಆದರೆ ರೇಡಿಯೋ ಒಂಬತ್ತೂ ಕೆಳಗೆ ಹಾಗೇ ಇವೆ, ಊರು ಮುಳುಗಿಲ್ಲ. ನಾಚಿಕೆಯಾಯಿತು. ಬೇರೆ ಪದ ಹುಡುಕುವುದಿಲ್ಲ, ನಾಚಿಕೆಯೇ.

"ಹಾಗಾದ್ರೆ ಹದಿನೈದಕ್ಕೆ ಏನು ಹೇಳ್ತೀಯ?" ಎಂದೆ.

"ಆಗ್ಲೇ ಹೇಳಿದ್ದೀನಿ. ಡಿಸೆಂಬರ್ ಮೂರಕ್ಕೆ. ನೀನು ನಲವತ್ತು ನಿಮಿಷ ಮಾತಾಡಿದ್ಯಲ್ಲ, ಫೋನ್ ಇಟ್ಟು ಸಿಗ್ನಿಗೆ ಮನೆ ಬೇಡ ಅಂದೆ."

"ಐದು ವಾರ ಆಯ್ತು. ನನಗೆ ಹೇಳ್ಲೇ ಇಲ್ಲ."

"ಹೇಳಿದ್ರೆ ಕೆಲಸ ಮುಗೀತು ಅಂತ ಮತ್ತೆ ಕೆಳಗಿಳೀತಿದ್ದೆ."

ಇಳಿಯುತ್ತಿದ್ದೆ. ಅದು ನನಗೂ ಗೊತ್ತು.

ಜನವರಿ 11, ಭಾನುವಾರ

ಬೆಳಗ್ಗೆಯಿಂದ ಜಗಳ. ದೀಪ ಕಣ್ಣಿಗೆ ಹೊಡೆಯುತ್ತದಂತೆ, ಒಂದು ಗೇಣು ಮೇಲೆತ್ತು ಎನ್ನುತ್ತಾಳೆ. ಒಂದು ಗೇಣು ಎತ್ತಿದರೆ ಜೆರೇನಿಯಂಗೆ ಸಿಗುವ ಬೆಳಕು ಅರ್ಧಕ್ಕಿಂತ ಕಡಿಮೆಯಾಗುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಜೆರೇನಿಯಂ ತನ್ನದು, ಕಣ್ಣೂ ತನ್ನದು ಎಂದಳು. ಕುರ್ಚಿ ಸರಿಸು ಎಂದೆ. ಸೊಂಟ ಮುರಿದವಳಿಗೆ ಹೇಳುವ ಮಾತೇ ಎಂದಳು. ಕೊನೆಗೆ ಅರ್ಧ ಗೇಣು ಎತ್ತಿದ್ದೇನೆ. ಅವಳಿಗೆ ಸಾಲದು, ನನಗೆ ಹೆಚ್ಚು. ಊಟದವರೆಗೂ ಅದೇ ಮಾತಾಯಿತು, ಊಟದ ಮೇಲೂ ನಡೆದಿದೆ. ಇದನ್ನು ಬರೆಯುವುದನ್ನು ನಿಲ್ಲಿಸಿ ಉತ್ತರ ಕೊಡು ಎನ್ನುತ್ತಿದ್ದಾಳೆ.